ಥಿಂಕ್‌ಪ್ಯಾಡ್ ಟಿ60: ರ‍್ಯಾಮ್ 3 ಜಿಬಿ ಅಷ್ಟೇ, ಹೊಸ ಪ್ರೊಸೆಸರ್ ಹಾಕಿದ್ರೆ ಸ್ಕ್ರೀನ್ ಕಪ್ಪು. ಅನುಭವ ಇದ್ದವರು ಹೇಳಿ

ಪ್ರಶ್ನೆ, ದಾವಣಗೆರೆಯಿಂದ

ಅಪ್ಪ 2006ರಲ್ಲಿ ತಗೊಂಡ ಥಿಂಕ್‌ಪ್ಯಾಡ್ ಟಿ60 ಲ್ಯಾಪ್‌ಟಾಪ್ ಇದೆ. ಕೀಬೋರ್ಡ್ ಈಗಲೂ ಎಷ್ಟು ಚೆನ್ನಾಗಿದೆ ಅಂದ್ರೆ ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ. ಕೋರ್ ಡುಯೋ ಟಿ2400 ಪ್ರೊಸೆಸರ್, 1 ಜಿಬಿ ರ‍್ಯಾಮ್ ಇತ್ತು. ಈಗ 2 ಜಿಬಿಯ ಎರಡು ರ‍್ಯಾಮ್ ಹಾಕಿದ್ದೀನಿ, ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡೋ, ಬೋರ್ಡಿನಲ್ಲೇ ಇರೋ ಪ್ರೋಗ್ರಾಮ್) 3 ಜಿಬಿ ಅಷ್ಟೇ ತೋರಿಸ್ತಿದೆ. ಸೆಕೆಂಡ್ ಹ್ಯಾಂಡ್ ಕೋರ್ 2 ಡುಯೋ ಟಿ7200 ಕೂರಿಸಿದ್ರೆ ಫ್ಯಾನ್ ತಿರುಗುತ್ತೆ, ಸ್ಕ್ರೀನ್ ಮಾತ್ರ ಕಪ್ಪು. ಹಳೇದು ವಾಪಸ್ ಹಾಕಿದ್ರೆ ಆನ್ ಆಗುತ್ತೆ. ಡೆಬಿಯನ್ 13 (ಲಿನಕ್ಸ್ ಆಪರೇಟಿಂಗ್ ಸಿಸ್ಟಮ್, ಅಂದ್ರೆ ಓಎಸ್) ಹಾಕಿ ಅಪ್ಪನಿಗೆ ಬರೆಯೋಕೆ ಕೊಡಬೇಕು. ಎಲ್ಲಿಂದ ನೋಡ್ಲಿ?

ಬೆಂಗಳೂರಿನಿಂದ

ನಿಮ್ಮ ರ‍್ಯಾಮ್ ಕೆಟ್ಟಿಲ್ಲ. ಟಿ60ರಲ್ಲಿರೋ ಇಂಟೆಲ್ 945 ಚಿಪ್‌ಸೆಟ್ಟಿಗೆ (ಪ್ರೊಸೆಸರ್, ಮೆಮೊರಿ, ಉಳಿದ ಭಾಗಗಳನ್ನ ಜೋಡಿಸೋ ಚಿಪ್) ಒಟ್ಟು 4 ಜಿಬಿ ವಿಳಾಸಗಳು ಮಾತ್ರ ಗೊತ್ತು. ಅದರಲ್ಲಿ ಮೇಲಿನ ಪಾಲು ಗ್ರಾಫಿಕ್ಸ್, ಪಿಸಿಐ ಸಾಧನಗಳಿಗೆ ಹೋಗುತ್ತೆ. ಆ ಜಾಗದಲ್ಲಿ ಸಿಕ್ಕಿಬಿದ್ದ ರ‍್ಯಾಮನ್ನು ಬೇರೆ ಕಡೆ ಸರಿಸಿ ಕೊಡೋ ಏರ್ಪಾಡು ಈ ಚಿಪ್‌ಸೆಟ್ಟಲ್ಲಿ ಇಲ್ಲ. '64 ಬಿಟ್ ಓಎಸ್ ಹಾಕಿ, ಪೂರ್ತಿ 4 ಬರುತ್ತೆ' ಅಂತ ಅಂಗಡಿಗಳಲ್ಲಿ ಹೇಳ್ತಾರೆ, ಬರಲ್ಲ. ಇನ್ನೂ ರ‍್ಯಾಮ್ ತಗೊಳ್ಳದವರು 2 ಮತ್ತು 1 ಜಿಬಿ ಹಾಕಿದ್ರೆ ಸಾಕು.

ಪ್ರೊಸೆಸರ್ ಸರಿಯಾದದ್ದನ್ನೇ ಆರಿಸಿದ್ದೀರಿ. ಟಿ60ದು ಸಾಕೆಟ್ ಎಂ (ಪ್ರೊಸೆಸರ್ ಕೂರೋ ಜಾಗದ ಬಗೆ), ಚಿಪ್‌ಸೆಟ್ ಜತೆ ಮಾತಾಡೋ ಬಸ್ 667 ಮೆಗಾಹರ್ಟ್ಸ್‌ದು. ಟಿ7200, ಟಿ7400, ಟಿ7600 ಇದಕ್ಕೆ ಸೇರಿದವು. ಟಿ7300, ಟಿ7500 ಹೆಸರಿನಲ್ಲಿ ಹತ್ತಿರ ಇದ್ರೂ ಸಾಕೆಟ್ ಪಿ, ಇಲ್ಲಿ ನಡೆಯಲ್ಲ. ಎಸ್.ಪಿ. ರೋಡಿನಲ್ಲಿ ಹಳೇ ಪ್ರೊಸೆಸರ್ ಕೊಳ್ಳೋರು ಚಿಪ್ ಮೇಲಿನ ಬರಹ ಓದದೆ ದುಡ್ಡು ಕೊಡಬೇಡಿ. ಕೋಡ್ 'ಎಸ್‌ಎಲ್' ಅಂತ ಶುರುವಾಗಿರಬೇಕು. 'ಕ್ಯೂ' ಅಂತ ಶುರುವಾದ್ರೆ ಅದು ಪರೀಕ್ಷೆಗೆ ಅಂತ ಹೊರಬಂದ ಸ್ಯಾಂಪಲ್, ಮುಟ್ಟಬೇಡಿ.

ನನ್ನ ಅನುಮಾನ ಬಯೋಸ್ ಮೇಲೆ. ಕೋರ್ ಡುಯೋ ಬಂದದ್ದು 2006ರ ಜನವರಿಯಲ್ಲಿ, ಕೋರ್ 2 ಡುಯೋ ಬಂದದ್ದು ಆ ವರ್ಷದ ಮಧ್ಯ ದಾಟಿದ ಮೇಲೆ. ನಿಮ್ಮ ಬಯೋಸ್ ಅದಕ್ಕೂ ಮುಂಚಿನದಾದ್ರೆ ಟಿ7200 ಯಾವುದು ಅಂತಲೇ ಅದಕ್ಕೆ ತಿಳಿಯಲ್ಲ. ಹಳೇ ಪ್ರೊಸೆಸರ್ ಹಾಕಿ ಆನ್ ಮಾಡಿ, ಎಫ್1 ಒತ್ತಿ ತಾರೀಖು ನೋಡಿ.

ಇಷ್ಟು ಕಷ್ಟಪಡೋಕೆ ಗಟ್ಟಿ ಕಾರಣವೇ ಇದೆ. ಟಿ2400 32 ಬಿಟ್ ಪ್ರೊಸೆಸರ್. ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗೆ ಇನ್‌ಸ್ಟಾಲರ್ರೂ ಇಲ್ಲ, ಓಎಸ್‌ನ ತಿರುಳಾದ ಕರ್ನಲ್ಲೂ ಇಲ್ಲ. ಟಿ7200 64 ಬಿಟ್, ಅದು ಓಡಿದ್ರೆ ಆ ಬಾಗಿಲು ತೆರೆಯುತ್ತೆ.

ಹುಬ್ಬಳ್ಳಿಯಿಂದ

ಬಯೋಸ್ ಮಾತು ಖರೇ ಐತ್ರಿ. ಆದ್ರ ಬ್ಯಾಟರಿ ಚಾರ್ಜ್ ಇರ್ಲಿಲ್ಲಂದ್ರ ಅಪ್‌ಡೇಟ್ ಪ್ರೋಗ್ರಾಮ್ ಮುಂದ ಹೋಗಂಗಿಲ್ಲ. ಇಷ್ಟು ಹಳೇ ಲ್ಯಾಪ್‌ಟಾಪಿನ ಬ್ಯಾಟರಿ ಬಹುತೇಕ ಸತ್ತಿರ್ತಾವು. ಅಪ್‌ಡೇಟ್ ನಡುವ ಕರೆಂಟ್ ಹೋದ್ರ ಬೋರ್ಡ್ ಹೋದಂಗ, ಅದಕ್ಕ ಅದು ಬ್ಯಾಟರಿ ಕೇಳತೈತಿ. ಯಾರದಾದ್ರೂ ಟಿ60 ಬ್ಯಾಟರಿ ಒಂದು ತಾಸು ಇಸ್ಕೊಳ್ರಿ.

ಸಾಕೆಟ್ ಕೂಡ ಒಮ್ಮೆ ನೋಡ್ರಿ. ಹೀಟ್‌ಸಿಂಕ್ (ಚಿಪ್ಪಿನ ಕಾವು ಎಳಕೊಳ್ಳೋ ಲೋಹದ ಭಾಗ) ಎತ್ತಿದ್ರ ಸಾಕೆಟ್ ಅಂಚಿಗೆ ಚಪ್ಪಟೆ ಸ್ಕ್ರೂಡ್ರೈವರ್ ಹಿಡಿಯೋ ಲಾಕ್ ಕಾಣತೈತಿ. ಚಿಪ್ ಮ್ಯಾಲ ಬೆರಳು ಹಗೂರಕ ಇಟ್ಟು ಅದನ್ನ ಪೂರ್ತಿ ತಿರುಗಿಸ್ರಿ. ಅರ್ಧಕ್ಕ ನಿಂತ್ರ ಫ್ಯಾನ್ ತಿರುಗತೈತಿ, ಸ್ಕ್ರೀನ್ ಬರಂಗಿಲ್ಲ. ಈ ಚಿಪ್ಪಿಗೆ ಲೋಹದ ಮುಚ್ಚಳ ಇಲ್ಲ, ಬರೇ ಸಿಲಿಕಾನ್. ಹೀಟ್‌ಸಿಂಕ್ ಒಂದ ಕಡೆ ಪೂರ್ತಿ ಬಿಗಿದ್ರ ಮೂಲಿ ಒಡೀತೈತಿ. ಎದುರುಬದುರು ಸ್ವಲ್ಪ ಸ್ವಲ್ಪ ಬಿಗೀರಿ. ಕಾವು ದಾಟಿಸೋ ಪೇಸ್ಟ್ ತೊಗರಿಕಾಳಿಗಿಂತ ಸಣ್ಣದು ಸಾಕು. ಫ್ಯಾನ್ ವೈರ್ ಮರೀಬ್ಯಾಡ್ರಿ, 'ಫ್ಯಾನ್ ಎರರ್' ಅಂತ ತೋರಿಸಿ ಬಂದ್ ಆಗತೈತಿ.

ಮೈಸೂರಿನಿಂದ

ಒಂದೇ ಸಲಕ್ಕೆ ಎರಡು ವಸ್ತು ಬದಲಾಯಿಸಬೇಡಿ ಸರ್. ಪ್ರೊಸೆಸರ್ ನೋಡೋವಾಗ ಹಳೇ ರ‍್ಯಾಮೇ ಇರಲಿ. ಅದು ಗೆದ್ದ ಮೇಲೆ ಹೊಸ ರ‍್ಯಾಮನ್ನು ಒಂದೊಂದಾಗಿ ಹಾಕಿ ರಾತ್ರಿಯಿಡೀ ಮೆಮ್‌ಟೆಸ್ಟ್ (ಮೆಮೊರಿ ಪರೀಕ್ಷಿಸೋ ಪ್ರೋಗ್ರಾಮ್) ಓಡಿಸಿ. ತಪ್ಪು ತೋರಿಸೋ ಕೆಂಪು ಸಾಲು ಬಂದ್ರೆ ಅದೇ ರ‍್ಯಾಮನ್ನು ಇನ್ನೊಂದು ಸ್ಲಾಟಿಗೆ ಹಾಕಿ ನೋಡಿ. ಅಲ್ಲೂ ಬಂದ್ರೆ ರ‍್ಯಾಮ್ ಕೆಟ್ಟಿದೆ, ಬರದಿದ್ರೆ ಸ್ಲಾಟಿನಲ್ಲಿ ಧೂಳಿರಬಹುದು. ಜತೆಗೆ ಎಸ್‌ಎಸ್‌ಡಿ ಹಾಕಿ. ಇದರ ಸಾಟಾ (ಡಿಸ್ಕ್ ಸೇರೋ ದಾರಿ) ಸೆಕೆಂಡಿಗೆ 1.5 ಗಿಗಾಬಿಟ್ಟಿಗೆ ನಿಲ್ಲುತ್ತೆ, ಆದ್ರೂ ಅಪ್ಪನಿಗೆ ಕಣ್ಣಿಗೆ ಕಾಣೋ ವ್ಯತ್ಯಾಸ ಇದೊಂದೇ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಯೋಸ್ 2006ರ ಏಪ್ರಿಲ್‌ನದ್ದು! ಪರಿಚಯದವರ ಬ್ಯಾಟರಿ ಹಾಕಿ ಅಪ್‌ಡೇಟ್ ಮಾಡಿದೆ, ಟಿ7200 ಮೊದಲ ಸಲಕ್ಕೇ ಎದ್ದಿತು. ಡೆಬಿಯನ್ 13 ಓಡ್ತಿದೆ. ವಿಡಿಯೋ ಹಾಕಿದ್ರೆ ಮಾತ್ರ 95 ಡಿಗ್ರಿ ಹೋಗಿ ಆಫ್ ಆಗುತ್ತೆ. ಇನ್ನೊಂದು, ಅಪ್ಪನಿಗೆ ನುಡಿ ಕೀಲಿಮಣೆ ರೂಢಿ. ಇದರಲ್ಲಿ ಸಿಗುತ್ತಾ?

ಹುಬ್ಬಳ್ಳಿಯಿಂದ

ಟಿ2400 31 ವ್ಯಾಟ್, ಟಿ7200 34 ವ್ಯಾಟ್. ಆ ಮೂರು ವ್ಯಾಟಿಗೆ ಇಷ್ಟು ಕಾವು ಬರಂಗಿಲ್ರಿ. ಫ್ಯಾನ್ ಬಾಯಾಗ ತಾಮ್ರದ ಹಲ್ಲಿನ ನಡುವ ಧೂಳು ಗಟ್ಟಿಯಾಗಿ ಕುಂತಿರತೈತಿ, ಬ್ರಷ್‌ಲೆ ತಗೀರಿ. ಎಟಿಐ ಗ್ರಾಫಿಕ್ಸ್ ಇದ್ರ ಅದೂ ಇದೇ ಹೀಟ್‌ಸಿಂಕಿಗೆ ಅಂಟಿರತೈತಿ. ಅಲ್ಲಿಯ ಪ್ಯಾಡ್ ಹರಿದಿದ್ರ ಅಷ್ಟೇ ದಪ್ಪದ ಹೊಸಾ ಪ್ಯಾಡ್ ಹಾಕ್ರಿ, ಬರೇ ಪೇಸ್ಟ್ ಆ ಸಂದು ತುಂಬಂಗಿಲ್ಲ.

ಮೈಸೂರಿನಿಂದ

ಸಿಗುತ್ತೆ ಸರ್. ಐಬಸ್ (ಬೇರೆ ಬೇರೆ ಭಾಷೆಯ ಕೀಲಿಮಣೆ ಬಳಸೋಕೆ ಬಿಡೋ ಪ್ರೋಗ್ರಾಮ್) ಜತೆ ಎಂ17ಎನ್ ಪ್ಯಾಕೇಜ್ ಹಾಕಿ, ಕನ್ನಡದಲ್ಲಿ ಕೆಜಿಪಿ ಆರಿಸಿ. ಅದು ನುಡಿ ತಂದ ಕನ್ನಡ ಗಣಕ ಪರಿಷತ್ತಿನ ಅದೇ ವಿನ್ಯಾಸ, ಅಪ್ಪ ಹೊಸದಾಗಿ ಏನೂ ಕಲಿಯಬೇಕಿಲ್ಲ. ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಇಟ್ಕೊಳ್ಳಿ, 3 ಜಿಬಿಯಲ್ಲಿ ಆರಾಮಾಗಿ ನಡೆಯುತ್ತೆ.