ಅಮೆರಿಕದಲ್ಲಿ ಬಂದೂಕನ್ನು ಗುರುತಿಲ್ಲದವರಿಗೂ ಹಾಗೇ ಮಾರಬಹುದಾ?

ಗಂಗಾವತಿ ರೈತ:
ನನ್ನ ತಮ್ಮ ಟೆಕ್ಸಾಸ್‌ನಲ್ಲಿದ್ದಾನೆ. ಅವನ ಪಕ್ಕದ ಮನೆಯವರು ತಮ್ಮ ರೈಫಲ್ಲನ್ನು ಯಾರೋ ಗುರುತಿಲ್ಲದವನಿಗೆ ಮಾರಿದರಂತೆ, ಪಾರ್ಕಿಂಗ್ ಜಾಗದಲ್ಲಿ ದುಡ್ಡು ಎಣಿಸಿಕೊಂಡು ಕೈಗೆ ಕೊಟ್ಟರಂತೆ, ಅಷ್ಟೇ. ಕೇಳಿ ನಿದ್ದೆ ಬರಲಿಲ್ಲ. ನಮ್ಮಲ್ಲಿ ಎಲೆಕ್ಷನ್ ಬಂದರೆ ಅಪ್ಪ ಬೆಳೆ ಕಾಯೋ ಬಂದೂಕನ್ನು ಹಳೇ ಪಂಚೆಯಲ್ಲಿ ಸುತ್ತಿಕೊಂಡು ನನ್ನ ಬೈಕ್ ಹಿಂದೆ ಕೂತು ಠಾಣೆಗೆ ಒಪ್ಪಿಸಿ ಬರುತ್ತಾರೆ. ಪೇದೆ ನಳಿಕೆ ಮೇಲಿನ ನಂಬರ್ ಓದಿ ರಸೀದಿ ಬರೆದುಕೊಡುತ್ತಾರೆ. ಅಲ್ಲಿ ಏನೂ ಕೇಳೋದೇ ಇಲ್ವಾ?

ಬಳ್ಳಾರಿ ಕೋಟೆ:
ಅಂಗಡಿಯಲ್ಲಿ ಕೇಳುತ್ತಾರೆ ಅಣ್ಣ. 1993ರಲ್ಲಿ ಬ್ರೇಡಿ ಕಾನೂನು ಬಂತು. 1998ರಿಂದ ಎಫ್‌ಬಿಐ ಕಂಪ್ಯೂಟರ್‌ನಲ್ಲಿ ಕೊಳ್ಳುವವನ ಹೆಸರು ಹಾಕಿ, ಅವನಿಗೆ ಬಂದೂಕು ಕೊಳ್ಳೋಕೆ ನಿಷೇಧ ಇದೆಯಾ ಅಂತ ನೋಡಿಯೇ ಲೈಸೆನ್ಸ್ ಇರುವ ಅಂಗಡಿಯವರು ಮಾರಬೇಕು. ಆದರೆ ವ್ಯಾಪಾರಿ ಅಲ್ಲದವನು ಅದೇ ರಾಜ್ಯದ ಇನ್ನೊಬ್ಬನಿಗೆ ತನ್ನದನ್ನು ಮಾರಿದರೆ ಕೇಂದ್ರದ ಕಾನೂನಿನಲ್ಲಿ ಆ ಚೆಕ್ ಕಡ್ಡಾಯ ಅಲ್ಲ. ಗೊತ್ತಿದ್ದೂ ಅಪರಾಧಿಗೆ ಮಾರಿದರೆ ತಪ್ಪು, ಆದರೆ ವಿಚಾರಿಸಲೇಬೇಕು ಅಂತಿಲ್ಲ. ಕ್ಯಾಲಿಫೋರ್ನಿಯಾ, ಕೊಲರಾಡೊ ಇದಕ್ಕೆ ತಮ್ಮದೇ ಕಾನೂನು ಮಾಡಿಕೊಂಡಿವೆ, ಟೆಕ್ಸಾಸ್ ಮಾಡಿಲ್ಲ. 2019ರಲ್ಲಿ ಅದೇ ಟೆಕ್ಸಾಸ್‌ನ ಒಡೆಸ್ಸಾದಲ್ಲಿ 7 ಜನರನ್ನು ಕೊಂದವನು 2014ರಲ್ಲಿ ಅಂಗಡಿ ಚೆಕ್‌ನಲ್ಲಿ ಸಿಕ್ಕಿಬಿದ್ದು ಬರಿಗೈಲಿ ವಾಪಸ್ ಬಂದಿದ್ದ, ಆಮೇಲೆ ಲೈಸೆನ್ಸ್ ಇಲ್ಲದೆ ಮಾರುವವನ ಹತ್ತಿರ ರೈಫಲ್ ಕೊಂಡ. ಬಾಗಿಲು ಹಾಕಿ ಕಿಟಕಿ ತೆಗೆದಿಟ್ಟ ಹಾಗಲ್ವಾ ಇದು?

ರಾಯಚೂರು ಬಿಸಿಲು:
ನಾನು ಅಲ್ಲಿ ಎಂಟು ವರ್ಷ ಇದ್ದೆ. ಖಾಸಗಿ ಮಾರಾಟಕ್ಕೆ ಚೆಕ್ ಬೇಡ ಅನ್ನೋರು ಸುಮ್ನೆ ಹಟಕ್ಕೆ ಅನ್ನುತ್ತಿಲ್ಲ. ಖಾಸಗಿ ಮಾರಾಟದ ಮೇಲೂ ಕಣ್ಣಿಡಬೇಕಾದರೆ ಯಾರ ಮನೆಯಲ್ಲಿ ಯಾವ ಬಂದೂಕಿದೆ ಅನ್ನೋ ಪಟ್ಟಿ ಸರ್ಕಾರದ ಕೈಗೆ ಹೋಗುತ್ತೆ, ಇವತ್ತು ಪಟ್ಟಿ ಮಾಡಿದವರು ನಾಳೆ ಮನೆಗೆ ಬಂದು ಕಿತ್ತುಕೊಂಡರೆ ಅನ್ನೋ ಭಯ ಅವರದು. ಅಂಥ ಪಟ್ಟಿ ಮಾಡಕೂಡದು ಅಂತ 1986ರಲ್ಲೇ ಕಾನೂನಿದೆ. ಕಳ್ಳರು ಕದ್ದಾದರೂ ತರುತ್ತಾರೆ, ಕೇಸಿಲ್ಲದವನ ಹೆಸರಲ್ಲಾದರೂ ತರಿಸುತ್ತಾರೆ. ಸ್ಯಾಂಡಿ ಹುಕ್ ಶಾಲೆಯಲ್ಲಿ ಗುಂಡೇಟಿಗೆ 20 ಮಕ್ಕಳು ಸತ್ತ ಮೇಲೂ, 2013ರಲ್ಲಿ ಗನ್ ಶೋ (ಬಂದೂಕು ಮಾರುವ ಮೇಳ) ಮತ್ತು ಆನ್‌ಲೈನ್ ಮಾರಾಟಕ್ಕೆ ಚೆಕ್ ತರುವ ಮಸೂದೆಗೆ ಸೆನೆಟ್‌ನಲ್ಲಿ 54 ಓಟು ಬಂದವು. ಬೇಕಿದ್ದದ್ದು 60.

ಕೊಪ್ಪಳದಿಂದ:
ಪಟ್ಟಿ ಭಯ ಅರ್ಥ ಆಗುತ್ತೆ ಸರ್. ಆದರೆ ಆ 20 ಮಕ್ಕಳ ಲೆಕ್ಕ ಬರೆದು ಮುಂದಿನ ಸಾಲಿಗೆ ಹೋಗೋಕೆ ನನಗೆ ಆಗಲ್ಲ. ಆ ಬಂದೂಕುಗಳು ಕಾನೂನು ಪ್ರಕಾರವೇ ಕೊಂಡವು, ಅಲ್ಲಿ ಚೆಕ್ ಏನೂ ಮಾಡುತ್ತಿರಲಿಲ್ಲ, ಒಪ್ಪುತ್ತೇನೆ. ಒಡೆಸ್ಸಾ ಹಾಗಲ್ಲ. ನಮ್ಮ ದೊಡ್ಡಪ್ಪ ಬಂದೂಕು ಮಾರಿದಾಗ ಕೊಳ್ಳುವವರ ಹೆಸರು, ವಿಳಾಸ ಬರೆದು ಮೊದಲೇ ತಿಳಿಸಬೇಕಾಯಿತು, 45 ದಿನ ಕಾಯಬೇಕಾಯಿತು. 1959ರ ಆಯುಧ ಕಾಯ್ದೆಯಲ್ಲಿ ಹಾಗಿದೆ. ಕೊಳ್ಳುವವರಿಗೂ ಲೈಸೆನ್ಸ್ ಇರಲೇಬೇಕು. ದೊಡ್ಡಪ್ಪ ಬೈದುಕೊಂಡೇ ಓಡಾಡಿದರು. ಆದರೂ ಬಂದೂಕು ಯಾರ ಮನೆಗೆ ಹೋಯಿತು ಅಂತ ಅವರಿಗೆ ಕೊನೆವರೆಗೂ ಗೊತ್ತಿತ್ತು.

ಗಂಗಾವತಿ ಅಣ್ಣ, ಖಾಸಗಿ ಮಾರಾಟವನ್ನೂ ಲೈಸೆನ್ಸ್ ಅಂಗಡಿಗೆ ಹೋಗಿ ಚೆಕ್ ಮಾಡಿಸಿ ಮಾಡಬಹುದು, ಸ್ವಲ್ಪ ಫೀಸ್ ಆಗುತ್ತೆ. ತಮ್ಮನ ಕಡೆಯಿಂದ ಪಕ್ಕದ ಮನೆಯವರಿಗೆ ಹೇಳಿಸಿ.

ಗಂಗಾವತಿ ರೈತ:
ಇದು ಗೊತ್ತಿರಲಿಲ್ಲ. ರಾತ್ರಿ ಫೋನ್ ಮಾಡಿ ಹೇಳುತ್ತೇನೆ. ಅವರ ಹತ್ತಿರ ಮಾರೋಕೆ ಇನ್ನೂ ಒಂದು ಪಿಸ್ತೂಲು ಇದೆಯಂತೆ.