ಶಕವರ್ಷಕ್ಕೆ 78 ಕೂಡಿಸಬೇಕೋ, 79ಓ?

ಕಲ್ಬರಹ:
ಶಾಸನಗಳ ಕಾಲಪಟ್ಟಿ ಮಾಡುವಾಗ ಶಕವರ್ಷಕ್ಕೆ 78 ಕೂಡಿಸಿ ಕ್ರಿ.ಶ. ಬರೆಯುವುದು ರೂಢಿ. ಆದರೆ ಹಂಪಿ ವಿರೂಪಾಕ್ಷ ದೇವಾಲಯದ ಕೃಷ್ಣದೇವರಾಯನ ಶಾಸನಕ್ಕೆ ಒಂದು ಕಡೆ 1509, ಇನ್ನೊಂದು ಕಡೆ 1510 ಎಂದಿದೆ. ಲೆಕ್ಕ ತಪ್ಪುವುದು ಎಲ್ಲಿ?

ತಿಥಿವಾರ:
ಅಂಕಿ ನಂಬುವ ಮೊದಲು ಸಂವತ್ಸರ ನೋಡಿ. ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ. ಶೇಷವೇ ಪ್ರಭವದಿಂದ ಎಣಿಸಿದ ಸಂವತ್ಸರದ ಸಂಖ್ಯೆ. ಸೊನ್ನೆ ಬಂದರೆ ಅಕ್ಷಯ.

ಬೇಲೂರಿನ ಚೆನ್ನಕೇಶವ ದೇವಾಲಯದ ಪ್ರತಿಷ್ಠಾಪನೆಯದು ಶಕ 1039, ಹೇವಿಳಂಬಿ, ಚೈತ್ರ ಶುದ್ಧ ಪಂಚಮಿ, ಶನಿವಾರ. 1051ಕ್ಕೆ ಶೇಷ 31, ಅದು ಹೇವಿಳಂಬಿಯೇ. ಹಾಗಾಗಿ 1039 ಗತವರ್ಷ, ಅಂದರೆ ಮುಗಿದ ವರ್ಷಗಳ ಎಣಿಕೆ. 78 ಕೂಡಿಸಿದರೆ 1117. ಆ ಪಂಚಮಿ ಬೀಳುವುದು 1117ರ ಮಾರ್ಚ್ 10ಕ್ಕೆ, ವಾರವೂ ಶನಿವಾರ. ಇದೇ ಹೇವಿಳಂಬಿಯ ಜೊತೆ ಕಲ್ಲಿನ ಮೇಲೆ 1040 ಎಂದಿದ್ದರೆ ಅದು ವರ್ತಮಾನ ವರ್ಷ (ನಡೆಯುತ್ತಿರುವ ವರ್ಷವನ್ನೂ ಸೇರಿಸಿದ ಎಣಿಕೆ), ಆಗ 77 ಕೂಡಿಸಬೇಕು.

ಈ ಸೂತ್ರ ಸುಮಾರು 10ನೇ ಶತಮಾನದಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದೆ ಸಂವತ್ಸರ ಗುರುವಿನ ಗತಿಗೆ ತಕ್ಕಂತೆ ಬದಲಾಗುತ್ತಿತ್ತು, ತಾಳೆಯಾಗದೆ ಹೋಗಬಹುದು.

ಹಳೆಲಿಪಿ:
ಮಾಸವನ್ನೂ ನೋಡಬೇಕು. ವರ್ಷ ಶುರುವಾಗುವುದು ಚೈತ್ರದಲ್ಲಿ, ಹಾಗಾಗಿ ಮಾಘ, ಫಾಲ್ಗುಣಗಳು ಮುಂದಿನ ಇಸವಿಗೆ ಹೋಗುತ್ತವೆ: ಗತವರ್ಷಕ್ಕೆ 79. ಪುಷ್ಯದಲ್ಲೇ ಎಡವುವುದು ಹೆಚ್ಚು. ‘ಉತ್ತರಾಯಣ ಸಂಕ್ರಮಣದಂದು’ ಕೊಟ್ಟ ದತ್ತಿಗೆ ಈಗಿನ ಜನವರಿ 14 ನೆನೆದು 79 ಕೂಡಿಸಿಬಿಡುತ್ತಾರೆ. ಹೊಯ್ಸಳರ ಕಾಲದಲ್ಲಿ ಆ ಸಂಕ್ರಮಣ ಡಿಸೆಂಬರ್ 25ರ ಆಸುಪಾಸಿಗೆ ಬರುತ್ತಿತ್ತು. ಅಲ್ಲಿ 78 ಸಾಕು.

ಇನ್ನು ಹಂಪಿ. ಶಕ 1430, ಶುಕ್ಲ ಸಂವತ್ಸರ, ಮಾಘ ಶುದ್ಧ ಚತುರ್ದಶಿ. 1442ಕ್ಕೆ ಶೇಷ 2, ಅಂದರೆ ವಿಭವ. ಕಲ್ಲಿನಲ್ಲಿರುವುದು ಮೂರನೆಯದಾದ ಶುಕ್ಲ. ಅಂಕಿ ಹಿಡಿದರೆ 1509ರ ಫೆಬ್ರವರಿ, ಸಂವತ್ಸರ ಹಿಡಿದರೆ 1510ರ ಜನವರಿ. ನನ್ನ ಒಲವು ಸಂವತ್ಸರದ ಕಡೆಗೆ: ದಿನಾ ಸಂಕಲ್ಪದಲ್ಲಿ ಬಾಯಿಗೆ ಬರುವ ಹೆಸರು ಅಷ್ಟು ಸುಲಭಕ್ಕೆ ತಪ್ಪದು, ಅಂಕಿ ತಪ್ಪೀತು.

ತಾಮ್ರಪಟ:
ಲೆಕ್ಕ ಕೂಡಿಬಂದ ಮಾತ್ರಕ್ಕೆ ಶಾಸನ ಅಸಲಿ ಎಂದು ತೀರ್ಮಾನಿಸಬೇಡಿ. ಗಂಗ ಅವಿನೀತನ ಹೆಸರಿನ ಮರ್ಕರಾ (ಮಡಿಕೇರಿ) ತಾಮ್ರಪಟದಲ್ಲಿ 388 ಎಂದಷ್ಟೇ ಇದೆ. ಶಕವೆಂದು ಹಿಡಿದರೆ 466. ಲಿಪಿ ಮಾತ್ರ ಎಷ್ಟೋ ಈಚಿನದು. ಜೊತೆಗೆ ‘ಅಕಾಲವರ್ಷ’ನ ಮಂತ್ರಿಯ ಮಾತು ಬರುತ್ತದೆ. ಅದು ರಾಷ್ಟ್ರಕೂಟರ ಬಿರುದು, 8ನೇ ಶತಮಾನಕ್ಕಿಂತ ಹಿಂದಕ್ಕೆ ಹೋಗದು. ಮೊದಲು ಲಿಪಿ, ಬಿರುದು; ಆಮೇಲೆ ಕೂಡುವುದು ಕಳೆಯುವುದು.

ಕಲ್ಬರಹ:
ಸಂವತ್ಸರದ ಹೆಸರೇ ಸವೆದುಹೋಗಿದ್ದರೆ?

ತಿಥಿವಾರ:
ಮಾಸ, ತಿಥಿ, ವಾರ ಮೂರೂ ಉಳಿದಿದ್ದರೆ 77 ಮತ್ತು 78 ಎರಡನ್ನೂ ಹಾಕಿ (ಮಾಘ, ಫಾಲ್ಗುಣವಾದರೆ 78, 79), ವಾರ ಯಾವುದಕ್ಕೆ ಕೂಡುತ್ತದೋ ನೋಡಿ. ಗ್ರಹಣದ ಉಲ್ಲೇಖವಿದ್ದರೆ ಇನ್ನೂ ಗಟ್ಟಿ. ಬರೀ ಅಂಕಿ ಉಳಿದಿದ್ದರೆ ಪಟ್ಟಿಯಲ್ಲಿ ಒಂದೇ ಇಸವಿ ಬರೆಯಬೇಡಿ. ಶಕ 1039ಕ್ಕೆ ‘1116–18’ ಎಂದು ಹಾಕಿ, ಪಕ್ಕದಲ್ಲಿ ಕಲ್ಲಿನ ಅಂಕಿಯನ್ನು ಇದ್ದಂತೆಯೇ ಬಿಡಿ.