ಸರ್ಕಾರದ ಮೇಲಿನ ದಾವೆ ವಜಾ ಆಗಿದೆ, ಮುಂದೇನು? ವಕೀಲರನ್ನು ಕೇಳಿ

ಸದಸ್ಯೆ 1: ನಮಸ್ಕಾರ ಮೇಡಂ. ರಸ್ತೆ ಅಗಲ ಮಾಡುವಾಗ ಅಮ್ಮನ ಹೆಸರಿನ ತೋಟದಲ್ಲಿ ನಾಲ್ಕು ಗುಂಟೆ ಹೋಯಿತು. ಪರಿಹಾರ ಕೊಡಲಿಲ್ಲ ಅಂತ ಅಮ್ಮ ಸರ್ಕಾರದ ಮೇಲೆ ದಾವೆ ಹಾಕಿದ್ದರು. ಅದು ವಜಾ ಆಗಿದೆ. ಅಪೀಲು ಹಾಕಬಹುದಾ?

ವಕೀಲೆ: ಯಾಕೆ ವಜಾ ಆಯಿತು? ಆದೇಶದ ಕೊನೆಯ ಸಾಲುಗಳನ್ನು ಹಾಗೇ ಟೈಪ್ ಮಾಡಿ.

ಸದಸ್ಯ 2: ನಮ್ಮದು ನೋಟಿಸ್ ಕೊಡದೆ ಹಾಕಿದ್ದೀರಿ ಅಂತ ಪ್ಲೇಂಟ್ (ದಾವಾ ಪತ್ರ) ರಿಜೆಕ್ಟ್ ಆಗಿದೆ.

ವಕೀಲೆ: ಸಿಪಿಸಿ, ಅಂದ್ರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಂ. ರಾಜ್ಯ ಸರ್ಕಾರಕ್ಕಾದರೆ ಕಾರ್ಯದರ್ಶಿಗೆ ಅಥವಾ ಜಿಲ್ಲಾಧಿಕಾರಿಗೆ ನೋಟಿಸ್ ಕೊಡಿ, ಎರಡು ತಿಂಗಳು ಬಿಟ್ಟು ಹೊಸ ದಾವೆ ಹಾಕಿ. ಕಾಲಮಿತಿ ಮುಗಿದಿರಬಾರದು.

ಸದಸ್ಯೆ 1: ‘ವಾದಿ ಗೈರು, ವಕೀಲರು ಗೈರು, ದಾವೆ ವಜಾ’ ಅಂತಿದೆ. ಅಮ್ಮನಿಗೆ ಅವತ್ತು ಡಯಾಲಿಸಿಸ್. 25 ದಿನ ಆಯಿತು, ಆದೇಶದ ನಕಲಿಗೆ ಕಾಯ್ತಾ ಇದ್ದೇವೆ. ಹೊಸ ಕೇಸ್ ಹಾಕೋಣ ಅಂತಾರೆ ನಮ್ಮ ವಕೀಲರು.

ವಕೀಲೆ: ಅಕ್ಕಾ, ನಿಧಾನವಾಗಿ ಓದಿ. ಅವತ್ತು ಸರ್ಕಾರಿ ವಕೀಲರು ಹಾಜರಿದ್ದರಾ? ಎರಡೂ ಕಡೆಯವರು ಇರಲಿಲ್ಲ ಅಂದ್ರೆ ಹೊಸ ದಾವೆಗೆ ದಾರಿ ಇದೆ. ಅವರಿದ್ದು ನೀವಿರಲಿಲ್ಲ ಅಂದ್ರೆ ಸಿಪಿಸಿಯ 9ನೇ ಆದೇಶದ 9ನೇ ನಿಯಮ ಬರುತ್ತೆ. ಅದೇ ವಿಷಯಕ್ಕೆ ಮತ್ತೆ ಹೊಸ ದಾವೆ ಹಾಕುವ ಹಾಗಿಲ್ಲ. ಇದು ಡಿಕ್ರಿ (ಹಕ್ಕಿನ ಬಗ್ಗೆ ಕೋರ್ಟ್ ಕೊಡುವ ತೀರ್ಮಾನ) ಅಲ್ಲ, ಹಾಗಾಗಿ ನೇರ ಅಪೀಲೂ ಇಲ್ಲ. ದಾವೆಯನ್ನು ಮತ್ತೆ ಫೈಲಿಗೆ ತೆಗೆದುಕೊಳ್ಳಿ ಅಂತ ಅದೇ ಕೋರ್ಟಿಗೆ ಅರ್ಜಿ ಕೊಡಬೇಕು. ವಜಾ ಆದಾಗಿನಿಂದ 30 ದಿನದೊಳಗೆ. ನಿಮಗೆ ಉಳಿದಿರೋದು ಐದೇ ದಿನ! ನಕಲಿಗೆ ಕಾಯಬೇಡಿ. ಅಪೀಲಿಗಾದರೆ ನಕಲು ಸಿಗಲು ಹಿಡಿದ ದಿನಗಳನ್ನು ಬಿಟ್ಟು ಲೆಕ್ಕ ಹಾಕ್ತಾರೆ, ಈ ಅರ್ಜಿಗೆ ಆ ಅನುಕೂಲ ಇಲ್ಲ. ಅಫಿಡವಿಟ್ ಜೊತೆ ಅವತ್ತಿನ ಡಯಾಲಿಸಿಸ್ ಚೀಟಿ ಇಡಿ. ನಿಮ್ಮ ವಕೀಲರು ಯಾಕೆ ಬರಲಿಲ್ಲ ಅನ್ನೋದನ್ನೂ ಬರೆಸಿ. ಅಮ್ಮ ಆಸ್ಪತ್ರೆಯಲ್ಲಿದ್ದರು ಸರಿ, ವಕೀಲರೆಲ್ಲಿದ್ದರು ಅಂತ ಕೇಳೇ ಕೇಳ್ತಾರೆ. ಅರ್ಜಿ ತಿರಸ್ಕಾರ ಆದರೆ ಆಗ ಅಪೀಲು.

ಸದಸ್ಯ 3: ಫಾರ್ವರ್ಡ್: ‘ಕೇಸ್ ವಜಾ ಆದರೆ ರಾಷ್ಟ್ರಪತಿಗೆ ರಿಜಿಸ್ಟರ್ಡ್ ಪತ್ರ ಬರೆಯಿರಿ, ಆದೇಶಕ್ಕೆ ತಾನಾಗಿ ತಡೆ ಬೀಳುತ್ತೆ. ಎಲ್ಲರಿಗೂ ಹಂಚಿ.’

ವಕೀಲೆ: ಬೀಳಲ್ಲ. ಪತ್ರಕ್ಕೆ ಉತ್ತರ ಕಾಯುತ್ತಾ ಅಪೀಲಿನ ಗಡುವು ಕಳೆದುಕೊಂಡವರು ನನ್ನ ಹತ್ತಿರ ಬಂದಿದ್ದಾರೆ. ದಯವಿಟ್ಟು ಅಳಿಸಿ.

ಸದಸ್ಯ 3: ಒಳ್ಳೇದಕ್ಕೇ ಹಾಕಿದ್ದು. ಪೋಸ್ಟ್‌ಕಾರ್ಡನ್ನೇ ಸುಪ್ರೀಂ ಕೋರ್ಟ್ ಅರ್ಜಿ ಅಂತ ತಗೊಂಡಿಲ್ವಾ?

ಸದಸ್ಯ 4: ಅದು ಸಾರ್ವಜನಿಕ ಹಿತಾಸಕ್ತಿಗೆ. ನಿಮ್ಮ ಬೇಲಿ ಜಗಳಕ್ಕಲ್ಲ.

ಸದಸ್ಯ 3: ನೀವೇನು ಜಡ್ಜಾ?

ಸದಸ್ಯ 5: ಸರ್ಕಾರದ ಮೇಲೆ ಕೇಸ್ ಹಾಕಿ ಗೆದ್ದವರು ಯಾರಿದ್ದಾರೆ, ಸುಮ್ನೆ ದುಡ್ಡು ದಂಡ.

ಸದಸ್ಯ 4: ನಾವು ಗೆದ್ದಿದ್ದೇವೆ. ಹನ್ನೊಂದು ವರ್ಷ ಓಡಾಡಿ.

ಸದಸ್ಯ 5: ಹನ್ನೊಂದು ವರ್ಷ! ಅದೂ ಒಂದು ಗೆಲುವಾ?

ಸದಸ್ಯ 4: ನಮ್ಮಪ್ಪನ ಜಮೀನು ಕಣ್ರೀ ಅದು. ಮಾತು ನೋಡಿಕೊಂಡು ಆಡಿ.

ಸದಸ್ಯೆ 6: ಮೇಡಂ, ಪಹಣಿಯಲ್ಲಿ ಸರ್ಕಾರ ಅಂತ ಸೇರಿಸಿದ್ದಾರೆ, ಸಿವಿಲ್ ಕೋರ್ಟಾ, ಎಸಿ (ಉಪವಿಭಾಗಾಧಿಕಾರಿ) ಕೋರ್ಟಾ?

ಸದಸ್ಯ 7: ನೋಟಿಸ್ ಯಾರಿಗೆ ಕೊಡಬೇಕು ಮೇಡಂ?

ವಕೀಲೆ: ಮೇಲೆ ಬರೆದಿದ್ದೇನೆ, ಓದಿ. ಜಗಳ ಆಡೋರು ಬೇರೆ ಕಡೆ ಆಡಿ. ಐದು ದಿನ ಉಳಿದಿರೋ ಹೆಂಗಸಿನ ಮೆಸೇಜ್ ಎಲ್ಲೋ ಮೇಲೆ ಹೋಗಿದೆ. ಅಕ್ಕಾ, ಇದ್ದೀರಾ?

ಸದಸ್ಯೆ 1: ಇದ್ದೇನೆ. ಇ-ಕೋರ್ಟ್ಸ್ ಆ್ಯಪಲ್ಲಿ ನೋಡಿದೆ. ಸರ್ಕಾರಿ ವಕೀಲರು ಹಾಜರು ಅಂತಿದೆ.

ವಕೀಲೆ: ಹಾಗಾದ್ರೆ ಹೊಸ ಕೇಸಿನ ಮಾತೇ ಬೇಡ. ಇದನ್ನು ನಿಮ್ಮ ವಕೀಲರಿಗೆ ತೋರಿಸಿ. ಅವರು ಒಪ್ಪದಿದ್ದರೆ ನಾಳೆಯೇ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಹೆಂಗಸರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡ್ತಾರೆ. ಅಮ್ಮನಿಗೆ ಮುಂದಿನ ಡಯಾಲಿಸಿಸ್ ಯಾವತ್ತು?

ಸದಸ್ಯೆ 1: ನಾಳೆ ಮಧ್ಯಾಹ್ನ.

ವಕೀಲೆ: ಬೆಳಿಗ್ಗೆಯೇ ಸಹಿ ಮಾಡಿಸಿ.

ಸದಸ್ಯೆ 6: ಮೇಡಂ, ನನ್ನ ಪಹಣಿ ಪ್ರಶ್ನೆ?